ಅರ್ಥಕ್ಕೆ ನೀರು ಹಾಕಿದಿರಾ?

ಕಳೆದ ತಿಂಗಳು ಒಂದು ರವಿವಾರ ಬೆಳಿಗ್ಗೆ ಹೈದರಾಬಾದಿನಿಂದ ಮಗನ ಫೋನು ಬಂತು. ಅಲ್ಲಿ ಹೊಸದಾಗಿ ಬಾಡಿಗೆಗೆ ಹಿಡಿದ ಮನೆಗೆ ಇನ್ವರ್ಟರ್ ಹಾಕಿಸುತ್ತಿದ್ದ. ಮನೆಯಿಂದಲೇ ಆಫೀಸಿನ ಕೆಲಸ ಮಾಡುವವನು. ಮೀಟಿಂಗಿನ ನಡುವೆ ಕರೆಂಟು ಹೋದರೆ ಮಾನವೂ ಹೋದಂತೆ ಎಂಬುದು ಅವನ ಅಂಬೋಣ.

"ಅಮ್ಮಾ, ಇನ್ವರ್ಟರ್ ಕೂಡಿಸ್ಯಾರ. ಆದ್ರ ಮೇನ್ ಬೋರ್ಡಿನ್ಯಾಗ ಒಂದು ದೊಡ್ಡ ಸ್ವಿಚ್ ಅದ ನೋಡು, ಅದು ಮತ್ತ ಮತ್ತ ಟಪ್ ಅಂತ ಕೆಳಗ ಬೀಳ್ಲಿಕತ್ತದ. ಅದನ್ನ ತಗದು ಡೈರೆಕ್ಟ್ ಮಾಡಿಬಿಡ್ತೀನಿ ಅಂತಾನ ಎಲೆಕ್ಟ್ರಿಶಿಯನ್. ಮಾಡ್ಲಿ ಅಂತ ಹೇಳ್ಲೇನು?"

"ಬ್ಯಾಡ! ಅದನ್ನ ಮುಟ್ಟಬ್ಯಾಡ ಅಂತ ಹೇಳು!" ಎಂದು ನಾನು ಕೂಗಿದ ರಭಸಕ್ಕೆ ನಮ್ಮವರು ಚಹಾದ ಕಪ್ಪನ್ನು ಅಲ್ಲೇ ಇಟ್ಟು ಒಳಗಿನಿಂದ ಎದ್ದು ಬಂದರು. ಫೋನಿನಲ್ಲಿ ಮಗ ನಗುತ್ತಿದ್ದ. "ನೀ ಓದಿದ್ದು ಇಂಗ್ಲಿಷ್ ಬಿ.ಎ. ಅಲ್ಲೇನಮ್ಮಾ? ಇದು ಶೇಕ್ಸ್‌ಪಿಯರನ ಯಾವ ನಾಟಕದಾಗ ಬರ್ತದ?"

"ನಾಟಕದಾಗ ಅಲ್ಲೋ, ನಮ್ಮ ಬಚ್ಚಲದಾಗ ಬಂದದ. ನೀ ಆಗ ಹನ್ನೆರಡು ವರ್ಷದಾಂವ ಇದ್ದಿ" ಎಂದೆ. ಅವನ ನಗು ನಿಂತಿತು. ಅವನಿಗೂ ಆ ದಿನ ಮರೆತಿರಲಿಲ್ಲ.

ಯುವಜನರ ಪುಟಕ್ಕೆ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಪಾದಕರು ಕೇಳಿ ಬಹಳ ದಿನವಾಗಿತ್ತು. ನಿಮ್ಮಂಥ ಓದಿದ ಮಕ್ಕಳಿಗೆ ನಾನೇನು ಹೇಳಲಿ ಎಂದು ಸುಮ್ಮನಿದ್ದೆ. ಆ ಫೋನು ಬಂದ ಮೇಲೆ, ಹೇಳುವಂಥದ್ದು ಒಂದಿದೆ ಎನ್ನಿಸಿತು.

ಈ ಕಥೆ ಶುರುವಾಗುವುದು ನನ್ನ ತವರುಮನೆಯ ಹಿತ್ತಲಲ್ಲಿ. ನವಲಗುಂದದ ಕಡೆಯ ಒಂದು ಹಳ್ಳಿ; ಎರೆಭೂಮಿಯ ಸೀಮೆ. ಅಪ್ಪ ಶಾಲಾ ಮಾಸ್ತರರು. ಮನೆಗೆ ಕರೆಂಟು ಬಂದಾಗ ವೈರಿಂಗ್ ಮಾಡಿದವನು ಹಿತ್ತಲಲ್ಲಿ ಆಳವಾದ ಗುಂಡಿ ತೋಡಿ, ಅದರಲ್ಲಿ ಒಂದು ಜಿ.ಐ. ಪೈಪು ನಿಲ್ಲಿಸಿ, ಸುತ್ತಲೂ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು ಹೀಗೆ ತುಂಬಿದ್ದನಂತೆ. ಪೈಪಿನ ಬಾಯಿಗೆ ಒಂದು ಲಾಳಿಕೆ, ಮೇಲೊಂದು ಹಾಸುಗಲ್ಲು. ಬೇಸಿಗೆ ಬಂತೆಂದರೆ ಸಾಯಂಕಾಲ ಅಪ್ಪನ ಪ್ರಶ್ನೆ ತಪ್ಪುತ್ತಿರಲಿಲ್ಲ: "ಅರ್ಥಕ್ಕ ನೀರು ಹಾಕಿದೇನ?"

ನಾನು ಒಂದು ಬಕೆಟ್ ನೀರು ಹೊತ್ತುಕೊಂಡು ಹೋಗಿ ಲಾಳಿಕೆಗೆ ಸುರಿಯಬೇಕು. ನಮ್ಮ ಸೀಮೆಯಲ್ಲಿ ನೀರಿನ ಬರ ಎಂಥದ್ದೆಂದು ಬಲ್ಲವರೇ ಬಲ್ಲರು. "ಕುಡೀಲಿಕ್ಕ ನೀರಿಲ್ಲ, ನೆಲಕ್ಕ ಹಾಕ್ತಾರಂತ ನೆಲಕ್ಕ" ಎಂದು ಅವ್ವ ಗೊಣಗುತ್ತಿದ್ದಳು. ಅಪ್ಪ ಮಾತ್ರ ಕಡೆಗೆ ಪಾತ್ರೆ ತೊಳೆದ ನೀರಾದರೂ ಸರಿ, ಅರ್ಥಕ್ಕೆ ಹೋಗಲೇಬೇಕು ಎನ್ನುತ್ತಿದ್ದರು. ಶಾಲೆಯಲ್ಲಿ 'ಕೆಳಗಿನ ಶಬ್ದಗಳ ಅರ್ಥ ಬರೆಯಿರಿ' ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಹಿತ್ತಲ ಗುಂಡಿಯೇ ಕಣ್ಣ ಮುಂದೆ ಬರುತ್ತಿತ್ತು. ನಮ್ಮ ಮನೆಯ ಅರ್ಥ ಹಿತ್ತಲಲ್ಲಿದೆ ಎಂದು ಗೆಳತಿಯರಿಗೆ ಹೇಳಿ ನಗೆಪಾಟಲಾದದ್ದೂ ಉಂಟು. ಅದು ಇಂಗ್ಲಿಷಿನ ಅರ್ಥ್, ಅಂದರೆ ಭೂಮಿ ಎಂದು ತಿಳಿದದ್ದು ಹೈಸ್ಕೂಲಿಗೆ ಬಂದ ಮೇಲೆ. ಆದರೆ ಅದರ ಅರ್ಥ ಆದದ್ದು ಮಾತ್ರ ಪುಣೆಯಲ್ಲಿ, ಮೂವತ್ತು ವರ್ಷ ದಾಟಿದ ಮೇಲೆ.

ಮದುವೆಯಾಗಿ ಪುಣೆಗೆ ಬಂದು ಕೆಲವು ವರ್ಷಗಳ ಮೇಲೆ ಸಿಂಹಗಡ ರಸ್ತೆಯ ಕಡೆ ಒಂದು ಪುಟ್ಟ ರೋ ಹೌಸ್ ಕೊಂಡೆವು. ಅಂಗಳದ ಮೂಲೆಯಲ್ಲಿ ಅಲ್ಲಿಯೂ ಒಂದು ಅರ್ಥಿಂಗ್ ಗುಂಡಿ ಇತ್ತು. 2006ರಲ್ಲಿ ಸ್ಕೂಟರು ನಿಲ್ಲಿಸಲು ಅನುಕೂಲವಾಗಲೆಂದು ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿದೆವು. ಗುಂಡಿಯ ಮೇಲೂ ಟೈಲ್ಸ್ ಬಂತು. ಕೆಸರು ಹೋಯಿತು, ಕಸ ಹೋಯಿತು, ಅಂಗಳ ಕನ್ನಡಿಯಾಯಿತು ಎಂದು ಹಿಗ್ಗಿದವಳು ನಾನೇ. ಅಪ್ಪ ಕಲಿಸಿದ ಪಾಠ ನೆನಪಿಗೆ ಬರಲೇ ಇಲ್ಲ.

ಅವು ಮಹಾರಾಷ್ಟ್ರದಲ್ಲಿ ಲೋಡ್ ಶೆಡ್ಡಿಂಗಿನ ದಿನಗಳು. ಮಕ್ಕಳ ಓದು, ಅತ್ತೆಯವರ ಉಬ್ಬಸ, ರಾತ್ರಿಯ ಸೆಕೆ ಇವುಗಳಿಗೆಲ್ಲ ಪರಿಹಾರವೆಂದು 2007ರಲ್ಲಿ ಒಂದು ಇನ್ವರ್ಟರ್ ತಂದೆವು. ಅಂಗಡಿಯಿಂದ ಬಂದ ಹುಡುಗ ಚುರುಕಾಗಿದ್ದ. ಒಂದು ತಾಸಿನಲ್ಲಿ ಎಲ್ಲ ಜೋಡಿಸಿ ಸ್ವಿಚ್ ಹಾಕಿದ. ಟಪ್! ಮೇನ್ ಬೋರ್ಡಿನ ಇ.ಎಲ್.ಸಿ.ಬಿ. ಕೆಳಗೆ ಬಿತ್ತು. ಆಗ ಎಲ್ಲರೂ ಅದನ್ನು ಹಾಗೆನ್ನುತ್ತಿದ್ದರು, ಈಗ ಆರ್.ಸಿ.ಸಿ.ಬಿ. ಎನ್ನುತ್ತಾರೆ. ಮತ್ತೆ ಏರಿಸಿದ, ಮತ್ತೆ ಬಿತ್ತು. ನಾಲ್ಕು ಸಲ ನೋಡಿ, "ಇದು ಕೆಟ್ಟಿದೆ ಸಾಹೇಬರೇ. ಇನ್ವರ್ಟರ್ ಹಾಕಿದ ಮನೆಯಲ್ಲಿ ಇದು ನಿಲ್ಲುವುದೇ ಇಲ್ಲ" ಎಂದು ಮರಾಠಿಯಲ್ಲಿ ಹೇಳಿ, ಅದನ್ನು ಬಿಚ್ಚಿ ವೈರುಗಳನ್ನು ನೇರ ಜೋಡಿಸಿಬಿಟ್ಟ. ದೀಪ ಹತ್ತಿತು, ಫ್ಯಾನು ತಿರುಗಿತು. ನಾವು ಅವನಿಗೆ ಉಪ್ಪಿಟ್ಟು ಚಹಾ ಕೊಟ್ಟು ಕಳಿಸಿದೆವು.

ಆಮೇಲೆ ಹತ್ತು ತಿಂಗಳು ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂದು ನಾವು ತಿಳಿದುಕೊಂಡಿದ್ದೆವು ಎನ್ನುವುದೇ ಸರಿ. ಏಕೆಂದರೆ ನಮ್ಮ ಮನೆಗೆಲಸದ ಬಾಯಿ ಅಷ್ಟರಲ್ಲಿ ಎರಡು ಮೂರು ಸಲ ಹೇಳಿದ್ದಳು: "ತಾಈ, ಮಶೀನ್ ಚಿಮಟಾ ಕಾಢತಂ." ಬಟ್ಟೆ ತೊಳೆಯುವ ಮಶಿನ್ನು ಚಿವುಟುತ್ತದೆಯಂತೆ! ಬಚ್ಚಲಲ್ಲಿದ್ದ ನಮ್ಮದು ತಗಡಿನ ಮೈಯ ಹಳೆಯ ಮಶಿನ್ನು. ನಾನು ಮುಟ್ಟಿ ನೋಡಿದೆ, ಏನೂ ಅನ್ನಿಸಲಿಲ್ಲ. ಮುಟ್ಟುವಾಗ ನನ್ನ ಕಾಲಲ್ಲಿ ಚಪ್ಪಲಿ ಇತ್ತು, ನೆಲ ಒಣಗಿತ್ತು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಅವಳು ಮರುದಿನದಿಂದ ರಬ್ಬರ್ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬರತೊಡಗಿದಳು. ಹೊರಗಿನ ಚಪ್ಪಲಿ ಒಳಗೇಕೆ ಎಂದು ನಾನು ಸಿಡುಕಿದ್ದೂ ಆಯಿತು. ಅವಳು ಮಾತನಾಡಲಿಲ್ಲ, ಚಪ್ಪಲಿಯನ್ನು ಚೆನ್ನಾಗಿ ತೊಳೆದು ಮತ್ತೆ ಮೆಟ್ಟಿಕೊಂಡಳು.

2008ರ ಮೇ ತಿಂಗಳು. ಅವಳು ಊರಿಗೆ ಹೋಗಿದ್ದಳು. ಮಧ್ಯಾಹ್ನ ಲೋಡ್ ಶೆಡ್ಡಿಂಗ್. ಮನೆ ಇನ್ವರ್ಟರಿನ ಮೇಲೆ ನಡೆಯುತ್ತಿತ್ತು. ಮಶಿನ್ನಿನ ಪ್ಲಗ್ಗೂ ಅದೇ ಲೈನಿನದು. ನಾನು ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು ಬಟ್ಟೆ ತೆಗೆಯಲು ಕೈಹಾಕಿದೆ. ಮುಂದಿನದನ್ನು ವರ್ಣಿಸಲು ಬರುವುದಿಲ್ಲ. ಯಾರೋ ಮೊಣಕೈಗೆ ಒನಕೆಯಿಂದ ಬಡಿದಂತಾಯಿತು. ಹಿಂದಿನ ಗೋಡೆಗೆ ಹೋಗಿ ಬಿದ್ದೆ. ಹಿಂದಕ್ಕೆ ಬಿದ್ದದ್ದೇ ಪುಣ್ಯ. ಕೈ ಅಂಟಿಕೊಂಡಿದ್ದರೆ ಈ ಲೇಖನವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು.

ಸದ್ದಿಗೆ ನಮ್ಮವರು ಓಡಿಬಂದು ಮೇನ್ ಸ್ವಿಚ್ ಆಫ್ ಮಾಡಿದರು. ಮಶಿನ್ನು ಗುಂಯ್‌ಗುಡುತ್ತಲೇ ಇತ್ತು! ಮೇನ್ ಆರಿಸಿದರೂ ಇನ್ವರ್ಟರಿನ ಲೈನು ಜೀವಂತವಾಗಿರುತ್ತದೆ ಎಂಬುದು ಗಾಬರಿಯಲ್ಲಿ ಅವರಿಗೆ ಹೊಳೆಯಲಿಲ್ಲ. ನನ್ನನ್ನು ಎತ್ತಲು ಅವರು ಬಚ್ಚಲಲ್ಲಿ ಕಾಲಿಡುವ ಮೊದಲು, ಹನ್ನೆರಡು ವರ್ಷದ ಮಗ ಹೋಗಿ ಇನ್ವರ್ಟರಿನ ಗುಂಡಿ ಒತ್ತಿದ. ಆಗ ನಿಂತಿತು. ಅಂದು ಅವನಿಗೆ ಆ ಬುದ್ಧಿ ಯಾರು ಕೊಟ್ಟರೋ ತಿಳಿಯದು.

ಮರುದಿನ ನಮ್ಮ ಸಂಘದ ಕಾಕಾ ಬಂದರು. ಗಣೇಶೋತ್ಸವದ ಮಂಟಪಕ್ಕೆ ಪ್ರತಿವರ್ಷ ದೀಪದ ವ್ಯವಸ್ಥೆ ಮಾಡುತ್ತಿದ್ದ ಗದಗಿನ ಕಡೆಯ ಹಿರಿಯರು. ಒಂದು ಕಾರಖಾನೆಯಲ್ಲಿ ಇಡೀ ಆಯುಷ್ಯ ವಿದ್ಯುತ್ ವಿಭಾಗದಲ್ಲೇ ಕಳೆದವರು. ನನ್ನ ಕೈ ನೋಡಿ, "ತಂಗೀ, ನಿನ್ನ ಮನಿ ದೇವರು ದೊಡ್ಡಾಂವ" ಎಂದರು. ಆಮೇಲೆ ಬೋರ್ಡು ನೋಡಿದರು. ಎಲ್ಲರನ್ನೂ ದೂರ ನಿಲ್ಲಿಸಿ, ಒಂದು ನೂರು ವ್ಯಾಟಿನ ಬಲ್ಬಿನ ಒಂದು ತುದಿಯನ್ನು ಫೇಸಿಗೂ ಇನ್ನೊಂದನ್ನು ಅರ್ಥಿಗೂ ಹಿಡಿದರು. ಅರ್ಥ್ ಸರಿ ಇದ್ದರೆ ಬಲ್ಬು ಝಗ್ಗೆಂದು ಉರಿಯಬೇಕು. ನಮ್ಮಲ್ಲಿ ಒಳಗಿನ ತಂತಿ ಕೆಂಡದ ಎಳೆಯಂತೆ ಕೆಂಪಗಾಯಿತು, ಅಷ್ಟೇ. "ಅರ್ಥಿಂಗ್ ಎಲ್ಲೈತಿ?" ಎಂದರು. ನಾನು ಥಳಥಳಿಸುವ ಟೈಲ್ಸ್ ಕಡೆ ಬೆರಳು ಮಾಡಿದೆ.

ಅಂದು ಕಾಕಾ ಹೇಳಿದ್ದನ್ನು ನನಗೆ ತಿಳಿದಂತೆ ನಿಮಗೆ ಹೇಳುತ್ತೇನೆ. ಅರ್ಥ್ ಮಾಡಿದರೆ ಕರೆಂಟು ಭೂಮಿಯಲ್ಲಿ ಇಂಗಿ ಹೋಗುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಹಾಗಲ್ಲ. ಕರೆಂಟು ಯಾವಾಗಲೂ ತಾನು ಹೊರಟಲ್ಲಿಗೇ ಮರಳಲು ನೋಡುತ್ತದೆ. ಫೇಸಿನಲ್ಲಿ ಬಂದು ನ್ಯೂಟ್ರಲ್ಲಿನಲ್ಲಿ ಮರಳುವುದು ಅದರ ರಾಜಮಾರ್ಗ. ಆ ನ್ಯೂಟ್ರಲ್ಲನ್ನು ಬೀದಿಯ ಟ್ರಾನ್ಸ್‌ಫಾರ್ಮರಿನ ಹತ್ತಿರ ಭೂಮಿಗೆ ಜೋಡಿಸಿರುತ್ತಾರೆ. ಹೀಗಾಗಿ ಮಶಿನ್ನಿನ ಒಳಗೆ ಎಲ್ಲೋ ತೇವ ಸೇರಿ ಕರೆಂಟು ಅದರ ತಗಡಿಗೆ ಬಂತೆಂದರೆ, ಅದಕ್ಕೆ ನೆಲದ ಮೂಲಕವೂ ಒಂದು ದಾರಿ ಉಂಟು. ಆ ದಾರಿ ದಪ್ಪ ಅರ್ಥ್ ವೈರಿನದಾಗಿರಬೇಕು. ಇಲ್ಲವಾದರೆ ಅದು ನಮ್ಮ ಮೈಯ ಮೂಲಕ ಹೋಗುತ್ತದೆ.

ಒಂದು ಲೆಕ್ಕ ನೋಡಿ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಬೇರೆ ಸಣ್ಣಪುಟ್ಟ ಅಡೆತಡೆಗಳನ್ನು ಬಿಟ್ಟರೆ, ಅರ್ಥಿನ ದಾರಿಯ ತಡೆ 5 ಓಮ್ ಇದ್ದಾಗ 46 ಆಂಪಿಯರ್ ಹರಿಯುತ್ತದೆ. 16 ಆಂಪಿಯರಿನ ಎಂ.ಸಿ.ಬಿ. ಸ್ವಲ್ಪ ಹೊತ್ತಿನಲ್ಲಿ ಕೆಳಗೆ ಬಿದ್ದು, ದೋಷ ಬಯಲಾಗುತ್ತದೆ. ಗುಂಡಿ ಒಣಗಿ ತಡೆ 500 ಓಮ್ ಆಯಿತೆನ್ನಿ. ಅರ್ಧ ಆಂಪಿಯರೂ ಹರಿಯುವುದಿಲ್ಲ. ಎಂ.ಸಿ.ಬಿ. ಕದಲುವುದಿಲ್ಲ, ಫ್ಯೂಸು ಸುಡುವುದಿಲ್ಲ, ಮಶಿನ್ನಿನ ಮೈಯಲ್ಲಿ ಕರೆಂಟು ಹಾಗೇ ಕಾದು ನಿಂತಿರುತ್ತದೆ. ಮನೆಯ ಎಲ್ಲ ಅರ್ಥ್ ವೈರುಗಳೂ ಒಂದಕ್ಕೊಂದು ಜೋಡಿಸಿರುವುದರಿಂದ ಫ್ರಿಜ್ಜು, ಇಸ್ತ್ರಿ ಪೆಟ್ಟಿಗೆ ಎಲ್ಲದರ ಮೈಗೂ ಅದು ಹರಡಬಹುದು. ಇದ್ದಿಲು, ಉಪ್ಪು, ನೀರು ಎಲ್ಲ ಇದ್ದದ್ದು ಆ ತಡೆಯನ್ನು ಕಡಿಮೆ ಮಾಡಲಿಕ್ಕೆ. ನನ್ನ ತವರಿನ ಎರೆಮಣ್ಣು ತೇವ ಹಿಡಿದಿಡುವ ಮಣ್ಣು. ಅಲ್ಲಿಯೇ ಅಪ್ಪ ನೀರು ಹಾಕಿಸುತ್ತಿದ್ದರು. ಪುಣೆಯದು ಮುರುಮು, ಅದರ ಕೆಳಗೆ ಕರಿಕಲ್ಲು. ಅಲ್ಲಿ ನಾನು ಟೈಲ್ಸ್ ಹಾಕಿಸಿ ಮಳೆಯ ನೀರಿಗೂ ಬಾಗಿಲು ಮುಚ್ಚಿದ್ದೆ.

ಇನ್ನು ಆ 'ಕೆಟ್ಟ' ಸ್ವಿಚ್ಚಿನ ವಿಷಯ. ಎಂ.ಸಿ.ಬಿ. ಇರುವುದು ವೈರು ಸುಡದಂತೆ ಕಾಯಲು, ಆರ್.ಸಿ.ಸಿ.ಬಿ. ಇರುವುದು ಮನುಷ್ಯರನ್ನು ಕಾಯಲು. ಅದು ಮದುವೆ ಮನೆಯ ಬಾಗಿಲಲ್ಲಿ ಕೂತ ಕಾವಲುಗಾರನ ಹಾಗೆ ಎಂದರು ಕಾಕಾ. ಒಳಗೆ ಎಷ್ಟು ಜನ ಹೋದರು, ಎಷ್ಟು ಜನ ಹೊರಬಂದರು ಎಂದು ಎಣಿಸುತ್ತಿರುತ್ತಾನೆ. ಫೇಸಿನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲ್ಲಿನಲ್ಲಿ ಮರಳದೆ 30 ಮಿಲಿ ಆಂಪಿಯರ್ ಕಡಿಮೆ ಬಂದರೆ, ಯಾರೋ ಕಳ್ಳದಾರಿ ಹಿಡಿದರೆಂದು ತಿಳಿದು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಾಗಿಲು ಹಾಕಿಬಿಡುತ್ತಾನೆ. ಒಂದು ಪುಟ್ಟ ಎಲ್‌ಇಡಿ ಬಲ್ಬು ಎಳೆಯುವ ಕರೆಂಟೂ ಹೆಚ್ಚುಕಡಿಮೆ ಅಷ್ಟೇ. ಮನುಷ್ಯನ ಹೃದಯ ನಿಲ್ಲಲು ಬಹಳ ಕರೆಂಟು ಬೇಕಿಲ್ಲ.

ಹಾಗಾದರೆ ನಮ್ಮ ಮನೆಯಲ್ಲಿ ಅದು ಸುಮ್ಮಸುಮ್ಮನೆ ಬೀಳುತ್ತಿದ್ದುದೇಕೆ? ಆ ಹುಡುಗ ಇನ್ವರ್ಟರಿಗೆ ಫೇಸನ್ನು ಮೀಟರಿನ ಬದಿಯಿಂದ, ಅಂದರೆ ಕಾವಲುಗಾರನನ್ನು ತಪ್ಪಿಸಿ ಎಳೆದಿದ್ದ. ಆದರೆ ದೀಪ ಫ್ಯಾನುಗಳ ನ್ಯೂಟ್ರಲ್ಲು ಮಾತ್ರ ಹಳೆಯ ದಾರಿಯಲ್ಲೇ, ಕಾವಲುಗಾರನ ಮುಂದೆಯೇ ಮರಳುತ್ತಿತ್ತು. ಹಿತ್ತಲ ಬಾಗಿಲಿನಿಂದ ಒಳಗೆ ಹೋದವರು ಮುಂಬಾಗಿಲಿನಿಂದ ಹೊರಬಂದರೆ ಲೆಕ್ಕ ಕೂಡುವುದು ಹೇಗೆ? "ಕಾವಲುಗಾರ ಖರೇನ ಹೇಳಿದ್ದ ತಂಗೀ, ನೀವು ಅವನ್ನ ಕೆಲಸದಿಂದ ತಗದ್ರಿ" ಎಂದರು ಕಾಕಾ.

ಆ ಮಾತು ನನಗೆ ನಾಟಿತು. ಇಬ್ಬರು ನಿಜ ಹೇಳಿದ್ದರು. ಒಂದು ಆ ಸ್ವಿಚ್ಚು. ಅದನ್ನು ಬಿಚ್ಚಿ ಒಗೆದೆವು. ಇನ್ನೊಬ್ಬಳು ಬಾಯಿ, ಅವಳ ಮೇಲೆ ಸಿಡುಕಿದೆವು.

ಬ್ಯಾಟರಿ ಬರೀ 12 ವೋಲ್ಟಿನದು, ಅದರಿಂದ ಶಾಕ್ ಹೇಗೆ ಎಂದು ನಮ್ಮವರು ಕೇಳಿದರು. ನಿಮಗೂ ಅದೇ ಸಂಶಯ ಬಂದಿರಬಹುದು. ಬ್ಯಾಟರಿ 12 ವೋಲ್ಟಿನದೇ. ಆದರೆ ಇನ್ವರ್ಟರಿನ ಕೆಲಸವೇ ಅದನ್ನು 230 ವೋಲ್ಟ್ ಮಾಡುವುದು. ಅದರಿಂದ ಹೊರಡುವ ಕರೆಂಟು ಬೀದಿಯ ಕರೆಂಟಿನಷ್ಟೇ ಅಪಾಯದ್ದು. ನಮ್ಮ ಇನ್ವರ್ಟರಿನಲ್ಲಿ ನ್ಯೂಟ್ರಲ್ಲು ಒಳಬಂದಂತೆಯೇ ಹೊರಹೋಗುತ್ತಿತ್ತು. ಆದ್ದರಿಂದ ಬೀದಿಯಲ್ಲಿ ಕರೆಂಟಿಲ್ಲದಾಗಲೂ ಟ್ರಾನ್ಸ್‌ಫಾರ್ಮರಿನ ಭೂಸಂಪರ್ಕ ಹಾಗೇ ಇತ್ತು; ಇನ್ವರ್ಟರಿನಿಂದ ಹೊರಟ ಕರೆಂಟು ಮಶಿನ್ನು, ನನ್ನ ಕೈ, ಒದ್ದೆ ನೆಲ, ಟ್ರಾನ್ಸ್‌ಫಾರ್ಮರು, ನ್ಯೂಟ್ರಲ್ಲು ಎಂದು ಸುತ್ತು ಹಾಕಿ ಮನೆಗೆ ಮರಳಿತ್ತು. ಕೆಲವು ಇನ್ವರ್ಟರುಗಳು ಬ್ಯಾಟರಿಗೆ ತಿರುಗಿದಾಗ ನ್ಯೂಟ್ರಲ್ಲನ್ನೂ ಕಡಿದುಕೊಳ್ಳುತ್ತವೆ. ಆಗ ಆ ಲೈನಿಗೆ ಭೂಮಿಯ ನಂಟೇ ಇರುವುದಿಲ್ಲ, ದೋಷವಾದರೂ ಕಾವಲುಗಾರನಿಗೆ ಸುಳಿವು ಸಿಗದೆ ಹೋಗಬಹುದು. ನಿಮ್ಮದು ಯಾವ ಬಗೆಯದು ಎಂದು ತಿಳಿದವರೇ ನೋಡಿ ಹೇಳಬೇಕು.

ಮುಂದಿನ ವಾರ ನಮ್ಮ ಕನ್ನಡಿಯಂಥ ಅಂಗಳವನ್ನು ಒಡೆದೆವು. ಹಳೆಯ ಗುಂಡಿಯಲ್ಲಿ ಅರ್ಥ್ ತಂತಿಯ ತುದಿ ಉಪ್ಪಿಗೆ ತಿಂದುಹೋಗಿ ಪುಡಿಯಾಗಿತ್ತು. ಹೊಸ ಪೈಪು, ಹೊಸ ಇದ್ದಿಲು, ನಾಲ್ಕು ಬಕೆಟ್ ನೀರು, ಮೇಲೆ ತೆಗೆಯಬಹುದಾದ ಮುಚ್ಚಳ. ಮೀಟರಿನ ಹತ್ತಿರ ಒಂದು ಆರ್.ಸಿ.ಸಿ.ಬಿ., ಇನ್ವರ್ಟರಿನಿಂದ ಹೊರಡುವ ಲೈನಿಗೆ ಪ್ರತ್ಯೇಕ ಇನ್ನೊಂದು. ಆ ಲೈನಿನ ನ್ಯೂಟ್ರಲ್ಲನ್ನು ಉಳಿದವುಗಳೊಂದಿಗೆ ಎಲ್ಲಿಯೂ ಬೆರೆಸದೆ ಬೇರೆಯಾಗಿ ತಂದರು. ಅರ್ಥ್ ಮಾತ್ರ ಇಡೀ ಮನೆಗೆ ಒಂದೇ. ಕಾಕಾ ಮತ್ತೆ ಬಲ್ಬು ಹಿಡಿದು ನೋಡಿದರು; ಈ ಸಲ ಕಣ್ಣು ಕೋರೈಸಿತು. ಆಮೇಲೆ ಹೊಸ ಆರ್.ಸಿ.ಸಿ.ಬಿ.ಗಳನ್ನು ಕೂಡಿಸಿ, ಬೀದಿಯ ಕರೆಂಟಿನ ಮೇಲೆ ಒಮ್ಮೆ, ಬ್ಯಾಟರಿಯ ಮೇಲೆ ಒಮ್ಮೆ ಎರಡು ಸಲ ಪರೀಕ್ಷಿಸಿದ ಮೇಲೆಯೇ ಊಟಕ್ಕೆ ಕೂತರು. ಮಶಿನ್ನನ್ನು ಗುಜರಿಗೆ ಹಾಕಿದೆವು.

ಬಾಯಿ ಊರಿನಿಂದ ಮರಳಿದಾಗ ನಡೆದದ್ದನ್ನು ಹೇಳಿ, ನನ್ನದು ತಪ್ಪಾಯಿತು ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡು ಪಾತ್ರೆಗೆ ಕೈಹಾಕುತ್ತ, "ಮೀ ಸಾಂಗಿತಲಂ ಹೋತಂ ನಾ, ತಾಈ" ಎಂದಳು. ಹೇಳಿದ್ದೆನಲ್ಲ, ಅಷ್ಟೇ. ಅದರಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ನಾಚಿಕೆಯಾಯಿತು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ನೀವು ಇಂದು ಪುಣೆ, ನಾಳೆ ಹೈದರಾಬಾದು, ನಾಡಿದ್ದು ದಿಲ್ಲಿ ಎಂದು ಮನೆ ಬದಲಿಸುವವರು. ಮನೆ ನೋಡುವಾಗ ಬೆಳಕು, ನೀರು, ಪಾರ್ಕಿಂಗು, ಇಂಟರ್‌ನೆಟ್ಟು ಎಲ್ಲ ಕೇಳುತ್ತೀರಿ. ಜೊತೆಗೆ ಇಷ್ಟನ್ನೂ ಕೇಳಿ. ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇದೆಯೇ? ಅದರ ಮೇಲೆ 'ಟಿ' ಎಂಬ ಚಿಕ್ಕ ಗುಂಡಿ ಇರುತ್ತದೆ. ಮೂರು ತಿಂಗಳಿಗೊಮ್ಮೆಯಾದರೂ ಒತ್ತಿ ನೋಡಿ, ಕೆಳಗೆ ಬೀಳಬೇಕು. ಬೀಳದಿದ್ದರೆ ಬದಲಿಸಿ. ಆದರೆ ಆ ಗುಂಡಿ ಸ್ವಿಚ್ಚನ್ನು ಪರೀಕ್ಷಿಸುತ್ತದೆಯೇ ಹೊರತು ಅರ್ಥಿಂಗನ್ನಲ್ಲ. ಅರ್ಥಿಂಗನ್ನು ಬೇರೆಯಾಗಿ ಅಳೆಸಬೇಕು. ಇನ್ವರ್ಟರ್ ಇದ್ದರೆ ಅದರ ಲೈನಿಗೂ ಅಂಥ ಕಾವಲು ಉಂಟೇ? ಎಲೆಕ್ಟ್ರಿಶಿಯನ್ನು "ಡೈರೆಕ್ಟ್ ಮಾಡ್ತೀನಿ" ಎಂದರೆ ಬೇಡವೆನ್ನಿ. ನ್ಯೂಟ್ರಲ್ಲು ಎಲ್ಲಿ ಬೆರೆತಿದೆ ನೋಡು ಎನ್ನಿ. ಬೋರ್ಡಿನಲ್ಲಿ ಕೈಹಾಕುವ ಮೊದಲು ಮೇನ್ ಮತ್ತು ಇನ್ವರ್ಟರ್ ಎರಡೂ ಆರಿರಬೇಕು. ಆ ಕೆಲಸವನ್ನು ಲೈಸೆನ್ಸ್ ಇರುವ ವೈರ್‌ಮನ್ನೇ ಮಾಡಬೇಕು. ಕಾಕಾ ಮಾಡಿದ ಬಲ್ಬಿನ ಪರೀಕ್ಷೆಯನ್ನು ನೀವು ಮಾಡಹೋಗಬೇಡಿ.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನದು ಉದ್ದವೂ ದಪ್ಪವೂ ಏಕಿದೆ ಎಂದು ಎಂದಾದರೂ ಯೋಚಿಸಿದ್ದೀರಾ? ಅದೇ ಅರ್ಥ್. ಸಿಕ್ಕಿಸುವಾಗ ಎಲ್ಲಕ್ಕಿಂತ ಮೊದಲು ಕೂಡಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಎಂದು ಅದನ್ನು ಉದ್ದ ಮಾಡಿದ್ದಾರೆ. ಎರಡು ಪಿನ್ನಿನ ಸಾಕೆಟ್ಟಿಗೆ ಹೊಂದಲಿ ಎಂದು ಅದನ್ನು ಮುರಿಯಬೇಡಿ. ಅರ್ಥ್ ಇಲ್ಲದ ಮನೆಯಲ್ಲಿ ಸಾಕೆಟ್ಟಿನ ಒಳಗೆ ಅರ್ಥನ್ನೂ ನ್ಯೂಟ್ರಲ್ಲನ್ನೂ ಒಂದು ತುಂಡು ವೈರಿನಿಂದ ಜೋಡಿಸುವವರಿದ್ದಾರೆ. ನ್ಯೂಟ್ರಲ್ಲು ಎಲ್ಲಾದರೂ ಕಡಿದ ದಿನ ಫ್ರಿಜ್ಜಿನ ಮೈಯೆಲ್ಲ ಕರೆಂಟಾಗುತ್ತದೆ. ಫ್ಲ್ಯಾಟಿನಲ್ಲಿರುವವರು ಸೊಸೈಟಿಯ ಸಭೆಯಲ್ಲಿ ಕೇಳಿ: ನಮ್ಮ ಅರ್ಥಿಂಗ್ ಗುಂಡಿಗಳು ಎಲ್ಲಿವೆ? ಕೊನೆಗೆ ಅಳೆದದ್ದು ಯಾವಾಗ? ಜನರೇಟರಿನ ನ್ಯೂಟ್ರಲ್ಲಿಗೆ ಅರ್ಥ್ ಕೊಟ್ಟಿದ್ದಾರೆಯೇ? ಈಗಿನ ಕೆಲವು ಹೊಸ ಬಗೆಯ ಅರ್ಥಿಂಗಿಗೆ ನೀರು ಹಾಕುವ ತಾಪತ್ರಯವಿಲ್ಲ. ಆದರೆ ಅಳತೆ ಅದಕ್ಕೂ ತಪ್ಪಿದ್ದಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಮನೆಗೆಲಸಕ್ಕೆ ಬರುವವರು "ಚಿವುಟುತ್ತದೆ" ಎಂದರೆ ನಂಬಿ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವವರು ಅವರು. ಮನೆಯ ದೋಷ ಮೊದಲು ತಟ್ಟುವುದು ಅವರಿಗೇ.

ಅಪ್ಪ ಇಂದು ಇಲ್ಲ. ಅರ್ಥ್ ಎನ್ನುವುದು ಎಂಥ ವಸ್ತು ಎಂದು ಈಗ ಯೋಚಿಸುತ್ತೇನೆ. ದೀಪ ಹಚ್ಚುವುದಿಲ್ಲ, ಫ್ಯಾನು ತಿರುಗಿಸುವುದಿಲ್ಲ. ಅದು ಇಲ್ಲದಿದ್ದರೂ ಮನೆಯ ಎಲ್ಲ ಕೆಲಸ ನಡೆಯುತ್ತದೆ. ನಡೆಯುತ್ತದೆ ಎಂಬುದೇ ಅದನ್ನು ಮರೆಯಲು ಕಾರಣ. ಬರಗಾಲದಲ್ಲೂ ಅದಕ್ಕೊಂದು ಬಕೆಟ್ ಎತ್ತಿಟ್ಟ ಅಪ್ಪನ ಹಟ ನನಗೆ ಬಚ್ಚಲ ಗೋಡೆಗೆ ಬೀಳುವವರೆಗೆ ತಿಳಿದಿರಲಿಲ್ಲ.

ಹೈದರಾಬಾದಿನ ಎಲೆಕ್ಟ್ರಿಶಿಯನ್ ಮೊದಲು ಮುಖ ಊದಿಸಿಕೊಂಡನಂತೆ. ಮಗ ಪಟ್ಟು ಬಿಡಲಿಲ್ಲ. ಕಡೆಗೆ ನ್ಯೂಟ್ರಲ್ಲುಗಳನ್ನು ಬೇರ್ಪಡಿಸಲು ಒಂದೂವರೆ ತಾಸು ಹಿಡಿಯಿತು. ಆಮೇಲೆ ಆ ಸ್ವಿಚ್ಚು ಕದಲಲಿಲ್ಲ. ಇನ್ವರ್ಟರಿನ ಲೈನಿಗೂ ಒಂದು ಹೊಸದನ್ನು ಹಾಕಿಸಿದ. ಸಾಯಂಕಾಲ ಅವನಿಂದ ಒಂದು ಫೋಟೋ ಬಂತು: ಕಟ್ಟಡದ ಹಿಂದೆ ಹೂಕುಂಡಗಳನ್ನು ಸರಿಸಿ, ಕಾವಲಿನವನ ಜೊತೆ ನಿಂತು ಒಂದು ಸಿಮೆಂಟಿನ ಮುಚ್ಚಳ ತೆಗೆದಿದ್ದಾನೆ, ಪಕ್ಕದಲ್ಲಿ ಬಕೆಟ್ಟು. ಕೆಳಗೆ ಕನ್ನಡದಲ್ಲೇ ಒಂದು ಸಾಲು: "ಅರ್ಥಕ್ಕ ನೀರು ಹಾಕಿದೆ, ಅಮ್ಮಾ."